ಅಲ್ಪಸ್ಮೃತಿಯ ಯಂತ್ರ

ಪಾಣಿನಿಯ ಸೂತ್ರವನ್ನು ಬಿಡಿಯಾಗಿ ಓದಿದರೆ ಅರ್ಥವಾಗುವುದು ವಿರಳ. ಹಿಂದಿನ ಸೂತ್ರಗಳಿಂದ ಅನುವೃತ್ತಿಯಾಗಿ ಬರುವ ಪದಗಳನ್ನು ನೆನಪಿನಲ್ಲಿಟ್ಟುಕೊಂಡ ಹೊರತು ವಾಕ್ಯವೇ ಪೂರ್ಣವಾಗದು. ಆದುದರಿಂದಲೇ ಪಾಠಶಾಲೆಯಲ್ಲಿ ಸುಮಾರು 4000 ಸೂತ್ರಗಳನ್ನು ಮೊದಲು ಕಂಠಸ್ಥ ಮಾಡಿಸುತ್ತಿದ್ದರು; ಅರ್ಥವಿಚಾರವೆಲ್ಲ ಬಳಿಕ. ಗಣಕಯಂತ್ರದ ಕಂಪೈಲರಿಗೂ ಇದೇ ಪಾಡು. ಸಿ ಪ್ಲಸ್ ಪ್ಲಸ್ ಭಾಷೆಯ ಕಡತವೊಂದು ಇನ್ನೂರು ಸಾಲಿನದಾಗಿ ತೋರಬಹುದು. ಅದರ ತಲೆಯಲ್ಲಿ ಹೆಸರಿಸಿದ ಇತರ ಕಡತಗಳು ಒಳಗೆ ಬಂದು ಸೇರಿದ ಮೇಲೆ ಹತ್ತಾರು ಸಾವಿರ ಸಾಲುಗಳಾಗುವುವು. ಅಷ್ಟನ್ನೂ ಸ್ಮೃತಿಯಲ್ಲಿ ಧರಿಸಿಯೇ ಅದು ಯಂತ್ರಭಾಷೆಗೆ ಇಳಿಸಬೇಕು.

ನಮ್ಮ ಸಂಘದ ಹಳೆಯ ಸಂಚಿಕೆಗಳ ಕಾಗದವು ಮುಟ್ಟಿದರೆ ಮುರಿಯುವ ಸ್ಥಿತಿಗೆ ಬಂದಿದೆ. ಅವುಗಳ ಛಾಯಾಪ್ರತಿಗಳಿಂದ ಅಕ್ಷರಗಳನ್ನು ಓದಿಸಲು ಟೆಸೆರಾಕ್ಟ್ ಎಂಬ ತಂತ್ರಾಂಶವನ್ನು ಆರಿಸಿಕೊಂಡೆವು. 2005ರಲ್ಲಿ ಸರ್ವರಿಗೂ ಮುಕ್ತವಾದ ಇದು ಕನ್ನಡವನ್ನೂ ಓದಬಲ್ಲದು. 2018ರ ನಾಲ್ಕನೆಯ ಆವೃತ್ತಿಯಿಂದ ಅದರ ಓದುವ ವಿಧಾನವೇ ಬದಲಾಯಿತು. ಸಂಘದಲ್ಲಿರುವ ಯಂತ್ರವಾದರೋ 1 ಜಿಬಿ ರ್‍ಯಾಮಿನದು. ಅದರ ಹಳೆಯ ಲಿನಕ್ಸಿಗೆ ಹೊಸ ಆವೃತ್ತಿಯ ಸಿದ್ಧಪ್ರತಿ ದೊರೆಯಲಿಲ್ಲವಾಗಿ ಮೂಲದಿಂದಲೇ ಕಟ್ಟಬೇಕಾಯಿತು. ತಿಂಗಳೊಳಗೆ ಕೆಲಸವಾಗದಿದ್ದಲ್ಲಿ ಯಂತ್ರವನ್ನು ಗುಜರಿಗೆ ಕೊಡತಕ್ಕದ್ದೆಂದು ಸಮಿತಿಯ ನಿರ್ಣಯ. ಹೊಸದಕ್ಕೆ ಹಣವಿಲ್ಲ.

ಕೆಲಸ ಅರ್ಧದಲ್ಲಿ ನಿಂತು 'ಕಿಲ್ಡ್' ಎಂಬ ಮಾತು ತೆರೆಯ ಮೇಲೆ ಮೂಡಿತು. ಇದನ್ನು ಕಂಡವರು ಮೂಲದಲ್ಲಿ ದೋಷವುಂಟೆಂದು ಹುಡುಕತೊಡಗುವುದು ಸಹಜವೇ. ವಸ್ತುತಃ ಕೊಂದದ್ದು ಕರ್ನಲ್. ಲಿನಕ್ಸ್ ಮಹಾ ಉದಾರಿ; ಇರುವುದಕ್ಕಿಂತ ಹೆಚ್ಚು ಸ್ಮೃತಿಯನ್ನು ಕೇಳಿದವರಿಗೆಲ್ಲ ವಾಗ್ದಾನ ಮಾಡುವುದು. ಎಲ್ಲರೂ ನಿಜವಾಗಿ ಉಣ್ಣತೊಡಗಿ ಉಗ್ರಾಣ ಬರಿದಾದಾಗ, ಬಹುವಾಗಿ ಉಂಡವನನ್ನೇ ಸಾಮಾನ್ಯವಾಗಿ ಪಂಕ್ತಿಯಿಂದ ಎಬ್ಬಿಸಿಬಿಡುವುದು. ಕರ್ನಲಿನ ದಾಖಲೆಯನ್ನು ತೋರಿಸುವ ಡಿಮೆಸೆಜ್ ಆಜ್ಞೆಯಿಂದ ಈ ವಧೆಯ ವೃತ್ತಾಂತ ತಿಳಿಯುತ್ತದೆ. ಸ್ಮೃತಿ ದೊರೆಯಲಿಲ್ಲವೆಂದು ಕಂಪೈಲರೇ ಹೇಳಿ ನಿಂತರೆ ಅದು ಬೇರೆ ಪ್ರಸಂಗ; ಅಲ್ಲಿ ಕೇಳಿದಾಗಲೇ ಇಲ್ಲವೆನ್ನಿಸಿಕೊಂಡಂತಾಯಿತು.

ನಮಗೆ ದೊರೆತ ಸೂಚನಾಪತ್ರವು ಶ್ರೀಮಂತ ಯಂತ್ರಗಳಿಗಾಗಿ ಬರೆದದ್ದು. ಅದರಂತೆ ಮೇಕ್ ಆಜ್ಞೆಯ ಮುಂದೆ ಜೆ4 ಎಂದಿತ್ತು, ಎಂದರೆ ನಾಲ್ಕು ಕಂಪೈಲರುಗಳು ಏಕಕಾಲಕ್ಕೆ. ಒಂದೊಂದಕ್ಕೂ ಪ್ರತ್ಯೇಕ ಸ್ಮೃತಿ ಬೇಕು. ಜೆ1 ಎಂದು ತಿದ್ದಿದ ಮೇಲೆ ಬಹುಪಾಲು ಕಡತಗಳು ದಾಟಿದವು. ಮುಗಿದವನ್ನು ಮತ್ತೆ ಮುಟ್ಟದೆ ನಿಂತಲ್ಲಿಂದಲೇ ಮುಂದುವರಿಯುವುದು ಮೇಕಿನ ಸದ್ಗುಣ. ಆದರೂ ಒಂದು ಕಡತ ಹಟ ಹಿಡಿಯಿತು. ಅದಕ್ಕಾಗಿ ಚಿತ್ರಮಯ ತೆರೆಯನ್ನೆಲ್ಲ ಮುಚ್ಚಿ ಬರಿಯ ಅಕ್ಷರತೆರೆಯಲ್ಲಿ ಕುಳಿತೆ. ಡಿಸ್ಕಿನಲ್ಲಿ 2 ಜಿಬಿ ಸ್ವಾಪ್ ಕಡತವನ್ನು ನಿರ್ಮಿಸಿದೆ. ದೋಷಶೋಧನೆಯ ಟಿಪ್ಪಣಿಗಳನ್ನು ಬೇಡುವ ಜಿ ಸಂಕೇತವನ್ನು ತೆಗೆದೆ. ಪರಿಷ್ಕಾರವನ್ನು ಓ2ರಿಂದ ಓ1ಕ್ಕೆ ಇಳಿಸಿದೆ. ಓ1ರಿಂದ ಫಲಿತಕಾರ್ಯದ ವೇಗ ತುಸು ತಗ್ಗೀತು, ತಗ್ಗಲಿ. ಸ್ವಾಪ್ ಎಂಬುದು ಸಾಲದ ಸ್ಮೃತಿ. ತಿರುಗುವ ಹಳೆಯ ಡಿಸ್ಕಿನಲ್ಲಿ ಅದರ ಬಡ್ಡಿ ವಿಪರೀತ. ರಾತ್ರಿಯೆಲ್ಲ ಡಿಸ್ಕು ಕಟಕಟನೆ ಗೊಣಗುತ್ತಲೇ ಇತ್ತು.

ಬೆಳಗಿನ ಜಾವಕ್ಕೆ ಕಟ್ಟಡ ಪೂರ್ಣವಾಯಿತು. ಮೊದಲು ಓದಿಸಿದ ಪುಟದಲ್ಲಿ ಸಾಲುಗಳು ಬಹುಮಟ್ಟಿಗೆ ಶುದ್ಧವಾಗಿವೆ. ಮಸಿ ಹರಡಿದೆಡೆಯಲ್ಲಿ ಮಾತ್ರ ಒತ್ತಕ್ಷರಗಳು ಅದಲುಬದಲಾಗಿವೆ. ಸಮಿತಿಯ ಗಡುವಿಗೆ ಇನ್ನು ಒಂಬತ್ತು ದಿನ ಉಳಿದಿವೆ. ಕರಡು ತಿದ್ದಲು ಬಿಡುವುಳ್ಳ ಸದಸ್ಯರು ಶನಿವಾರ ಸಂಜೆ ಸಂಘದ ಕೊಠಡಿಗೆ ದಯಮಾಡಿಸಬೇಕಾಗಿ ಕೋರುತ್ತೇನೆ.