ಪಂಕ್ತಿಗೆ ಬಾರದ ಮರಿ

ಮುಂಗಾರು ಹಿಡಿದು ತೋಟದಲ್ಲಿ ನೀರು ಹರಿಯತೊಡಗಿದರೆ ಸಾಕು, ನಮ್ಮ ಸಿಮೆಂಟು ತೊಟ್ಟಿಯ ಮೇಲೆ ಬಾಗಿದ ನಿಂಬೆಗಿಡದ ಎಲೆಗಳಿಗೆ ಬಿಳಿ ನೊರೆಯ ಮುದ್ದೆಯೊಂದು ಅಂಟಿಕೊಂಡಿರುತ್ತಿತ್ತು. ಸಿದ್ದಾಪುರ ಕಡೆಯ ಅಡಿಕೆ ತೋಟದವರಿಗೆ ಇದು ಹೊಸತಲ್ಲ. ಹಾರುವ ಕಪ್ಪೆಗಳು ರಾತ್ರಿಯೆಲ್ಲ ಕೂತು ಹಿಂಗಾಲಿನಿಂದ ಮಜ್ಜಿಗೆ ಕಡೆದ ಹಾಗೆ ಕಡೆದು ಎಬ್ಬಿಸಿದ ನೊರೆ ಅದು, ಮೊಟ್ಟೆಗಳಿರುವುದು ಅದರೊಳಗೆ. ಮೇಲೆ ಒಣಗಿ ಸಿಪ್ಪೆಗಟ್ಟಿದರೂ ಒಳಗಿನ ಪಸೆ ಆರುವುದಿಲ್ಲ. ವಾರ ಕಳೆಯುವ ಹೊತ್ತಿಗೆ ಜಡಿಮಳೆಗೆ ನೊರೆ ಕರಗಿ ಗೊದಮೊಟ್ಟೆಗಳು ಒಂದೊಂದಾಗಿ ಕೆಳಗಿನ ನೀರಿಗೆ ಉದುರುತ್ತವೆ. 1870ರಲ್ಲಿ ಜೆರ್ಡನ್ ಎಂಬ ಸೇನಾ ವೈದ್ಯ ಈ ಕಪ್ಪೆಗೆ ಮಲಬಾರಿನ ಹೆಸರು ಸೇರಿಸಿ ಶಾಸ್ತ್ರಕ್ಕೆ ದಾಖಲಿಸಿದ. ಮಲಬಾರಿಗಿಂತ ನಮ್ಮ ತೊಟ್ಟಿಯೇನೂ ಕಡಿಮೆಯಿರಲಿಲ್ಲ ಎಂಬುದು ನನ್ನ ವಾದ.

ಆದರೆ ತೊಟ್ಟಿ ಕಟ್ಟಿಸಿದ್ದು ಕಪ್ಪೆಗಲ್ಲ, ಮೈಲುತುತ್ತ ಕಲಸಲಿಕ್ಕೆ. ಕೊಳೆರೋಗಕ್ಕೆ ಅದೇ ಔಷಧಿ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1885ರ ಹೊತ್ತಿಗೆ ಹೆಸರಾದ ಈ ತುತ್ತ-ಸುಣ್ಣದ ದ್ರಾವಣವನ್ನು ಅಡಿಕೆ ಮರ ಹತ್ತಿಸಿದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್. ಕೊಳೆರೋಗದ ಕುರಿತ ಅವರ ಪುಸ್ತಿಕೆ 1910ರದ್ದು. ಅದಕ್ಕೂ ಮೊದಲು ಕೊನೆಗಳಿಗೆ ಕೊಟ್ಟೆ ಕಟ್ಟುವುದೊಂದೇ ಉಪಾಯವಾಗಿತ್ತು. ತಾಮ್ರ ಕೊಳೆಯನ್ನು ತಡೆಯುತ್ತದೆ ನಿಜ. ನೀರಿಗೆ ಬಿದ್ದರೆ ಗೊದಮೊಟ್ಟೆಯನ್ನೂ ಮುಗಿಸುತ್ತದೆ. ಹಾಗಾಗಿ ಎರಡನೇ ಸಲ ಔಷಧಿ ಹೊಡೆಯಲು ಕೊನೆಗೌಡ ಬರುವ ಮುಂಚಿನ ದಿನ ತೊಟ್ಟಿ ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಹೆಚ್ಚಿನವು ತೋಟದ ಕೆಳಗಿನ ಹೊಂಡಕ್ಕೆ ಹೋಗುತ್ತಿದ್ದವು. ಕೆಲವು ಹಾರ್ಲಿಕ್ಸ್ ಬಾಟಲಿ ಸೇರಿ ಜಗಲಿಗೆ ಬರುತ್ತಿದ್ದವು.

“ಅದ್ಕೆ ಎಂತಾ ಹಾಕ್ತೆ ತಮಾ? ಹಸ್ದು ಸಾಯ್ತು ಪಾಪ,” ಎಂದು ಅಮ್ಮ ಮೊದಲ ದಿನವೇ ಕೇಳಿದಳು. ನಮ್ಮದು ಈರುಳ್ಳಿಗೂ ವಾರ ನೋಡುವ ಮನೆ. ಆದರೂ ಸಮಸ್ಯೆಯೇ ಆಗಲಿಲ್ಲ. ಬೆಂದ ಹರಿವೆ ಸೊಪ್ಪಿನ ಎಲೆಯೊಂದನ್ನು ಅಮ್ಮ ಹುಳಿಗೆ ಉಪ್ಪು ಬೀಳುವ ಮೊದಲೇ ತೆಗೆದಿಟ್ಟು ಕೊಡುತ್ತಿದ್ದಳು. ಗೊದಮೊಟ್ಟೆಯ ಬಾಯಿಯಲ್ಲಿ ಕೊಂಬಿನಂಥ ಸಣ್ಣ ಕೊಕ್ಕೂ ಅದರ ಸುತ್ತ ಅರದಂಥ ಹಲ್ಲುಸಾಲೂ ಇರುತ್ತವೆ. ಎಲೆಯ ಅಂಚಿಗೆ ಬಾಯಿಟ್ಟು ಕೆರೆಯತೊಡಗಿದರೆ ಬಾಲ ಒಂದೇ ಸಮ ಅಲುಗುತ್ತಿರುತ್ತಿತ್ತು. ಸಂಜೆಯ ಹೊತ್ತಿಗೆ ಎಲೆಯಲ್ಲಿ ನರಗಳಷ್ಟೇ ಉಳಿಯುತ್ತಿದ್ದವು. ಬಾಟಲಿಯನ್ನು ಬೆಳಕಿಗೆ ಹಿಡಿದರೆ ಹೊಟ್ಟೆಯ ತೆಳು ಚರ್ಮದಡಿ ಸುರುಳಿ ಸುತ್ತಿದ ಕರುಳು ಕಾಣಿಸುತ್ತಿತ್ತು. ಸೊಪ್ಪು ತಿನ್ನುವ ಜೀವಕ್ಕೆ ಅಷ್ಟುದ್ದದ ಕರುಳು ಬೇಕೇ ಬೇಕು. ಅಬ್ಬಿಯಿಂದ ಹರಿದು ಬರುವ ತಣ್ಣನೆ ನೀರು, ದಿನ ಬಿಟ್ಟು ದಿನ ಅರ್ಧ ಚೆಲ್ಲಿ ಅರ್ಧ ಹೊಸತು. ತಿಂದದ್ದಕ್ಕಿಂತ ಹೇತದ್ದೇ ಹೆಚ್ಚು ಎಂದು ಅಜ್ಜಿ ಗೊಣಗುತ್ತಿದ್ದಳು, ಅವಳ ಲೆಕ್ಕ ತೀರಾ ತಪ್ಪೂ ಅಲ್ಲ.

ಗೊದಮೊಟ್ಟೆಗೆ ಏನು ತಿನ್ನಿಸಬೇಕು ಎಂಬ ಪ್ರಶ್ನೆ ಹಿಡಿದು ದೊಡ್ಡವರೂ ಕೂತಿದ್ದರು ಎಂದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ. ಗುಡರ್ನಾಚ್ ಎಂಬ ವಿಜ್ಞಾನಿ ಪ್ರಾಣಿಗಳ ಬೇರೆ ಬೇರೆ ಅಂಗಗಳ ಚೂರುಗಳನ್ನು ಗೊದಮೊಟ್ಟೆಗಳಿಗೆ ಹಾಕಿ ನೋಡಿದ. ಕುದುರೆಯ ಥೈರಾಯ್ಡ್ ಗ್ರಂಥಿ ತಿಂದವು ಬೆಳೆಯುವುದನ್ನೇ ಬಿಟ್ಟು ಅವಸರವಸರವಾಗಿ ಬಾಲ ಕರಗಿಸಿ, ಕಾಲು ಮೂಡಿಸಿ, ನೊಣದ ಗಾತ್ರದ ಕಪ್ಪೆಗಳಾಗಿ ನಿಂತವು. ಅದನ್ನು ಅವನು ಪ್ರಕಟಿಸಿದ್ದು 1912ರಲ್ಲಿ. ಮರಿ ಕಪ್ಪೆಯಾಗುವುದು ಗಂಟಲಿನ ಆ ಗ್ರಂಥಿಯ ಅಪ್ಪಣೆಯಿಂದ ಎಂದು ಗೊತ್ತಾದದ್ದು ಹೀಗೆ, ಬಡಿಸಿದ ಊಟದಿಂದ. 1920ರಲ್ಲಿ ಜೂಲಿಯನ್ ಹಕ್ಸ್ಲಿ ಅದೇ ಊಟವನ್ನು ಆಕ್ಸಲಾಟಲ್‌ಗೂ ಹಾಕಿದ. ಮೆಕ್ಸಿಕೋದ ಈ ಪ್ರಾಣಿ ಸಾಮಾನ್ಯವಾಗಿ ಬದುಕಿಡೀ ಮರಿಯಾಗಿಯೇ ನೀರಲ್ಲಿರುತ್ತದೆ. ಥೈರಾಯ್ಡ್ ತಿಂದದ್ದೇ ಕಿವಿರು ಕಳಚಿ ದಡ ಹತ್ತಿತು.

ನಮ್ಮ ಹಾರ್ಲಿಕ್ಸ್ ಬಾಟಲಿಯಲ್ಲಿ ಅಂಥ ಅವಸರವಿರಲಿಲ್ಲ. ಹಿಂಗಾಲು ಮೂಡಿ, ಎಷ್ಟೋ ದಿನ ಕಳೆದು, ಒಂದು ಬೆಳಿಗ್ಗೆ ಮುಂಗಾಲಿನ ಮೊಣಕೈ ಚರ್ಮ ಸೀಳಿ ಹೊರಗೆ ಇಣುಕುತ್ತಿತ್ತು. ಆಗ ಬಾಟಲಿಯಿಂದ ಅಗಲ ಬಾಯಿಯ ಪಾತ್ರೆಗೆ ವರ್ಗ ಮಾಡಿ, ನೀರು ಕಡಿಮೆ ಮಾಡಿ, ಅಡಿಕೆ ಹಾಳೆಯ ತುಂಡೊಂದನ್ನು ತೇಲಿಬಿಡಬೇಕು. ಹತ್ತಿ ಕೂರಲು ಜಾಗವಿಲ್ಲದಿದ್ದರೆ ಕಪ್ಪೆಯ ಮರಿಯೂ ನೀರಿನಲ್ಲಿ ಮುಳುಗಿ ಸಾಯುತ್ತದೆ. ಆ ದಿನಗಳಲ್ಲಿ ಸೊಪ್ಪು ಮುಟ್ಟುವುದಿಲ್ಲ, ಬಾಲವೇ ಕರಗಿ ಅದಕ್ಕೆ ಅನ್ನವಾಗುತ್ತದೆ. ಬಾಯಿ ಅಗಲವಾಗುತ್ತದೆ, ಉದ್ದದ ಕರುಳು ಕುಗ್ಗಿ ಮೋಟಾಗುತ್ತದೆ. ಅಮ್ಮ ಇದಕ್ಕೆ ಏಕಾದಶಿ ಎನ್ನುತ್ತಿದ್ದಳು. ದ್ವಾದಶಿಯ ಪಾರಣೆಗೆ ಎಂದಿನಂತೆ ಹರಿವೆ ಎಲೆ ಇಟ್ಟರೆ ಮರಿಕಪ್ಪೆ ಅದರ ಮೇಲೇ ಕೂತಿತು, ತಿನ್ನಲಿಲ್ಲ. ಎದುರು ಒಂದು ನುಸಿ ಹಾದುಹೋದದ್ದೇ ತಡ, ನಾಲಿಗೆ ಹೊರಬಂದು ಒಳಹೋಯಿತು. ನುಂಗುವಾಗ ಎರಡೂ ಕಣ್ಣು ತಲೆಯೊಳಗೆ ಇಳಿದು ಮಾಯವಾದವು. ಕಪ್ಪೆ ಕಣ್ಣಿನ ಗುಡ್ಡೆಯಿಂದಲೇ ತುತ್ತನ್ನು ಗಂಟಲಿಗೆ ಒತ್ತುತ್ತದೆ. ಅಮ್ಮ ಬಗ್ಗಿ ನೋಡಿದಳು.

“ಇನ್ನು ಇದು ಯಂಗಳ ಪಂಕ್ತಿಗೆ ಬತ್ತಿಲ್ಲೆ ತಮಾ.”

ಹಾಗೆಂದು ಉಪವಾಸ ಕೆಡವಲೂ ಅವಳಿಗೆ ಮನಸ್ಸಿಲ್ಲ. ಕೊಳೆತ ಏಲಕ್ಕಿ ಬಾಳೆಹಣ್ಣನ್ನು ಪಾತ್ರೆಯ ಪಕ್ಕ ಇಟ್ಟು, “ಆನಂತೂ ಹಣ್ಣು ಇಟ್ಟಿದ್ದು” ಎಂದು ಒಳಗೆ ಹೋದಳು. ನುಸಿ ತಾವಾಗಿ ಬಂದವು. ಪಾಪ ಯಾರಿಗೂ ತಟ್ಟದ ಹಾಗೆ ಮಾಡಿದ ಈ ವ್ಯವಸ್ಥೆಯ ಮುಂದೆ ಧರ್ಮಶಾಸ್ತ್ರದ ಎಷ್ಟೋ ಪರಿಹಾರಗಳು ಸಪ್ಪೆ ಎಂದು ನನಗೆ ಈಗಲೂ ಅನ್ನಿಸುತ್ತದೆ. ಮರಿ ಸ್ವಲ್ಪ ಚುರುಕಾದ ಮೇಲೆ ನಿಂಬೆಗಿಡಕ್ಕೇ ಬಿಟ್ಟುಬರುವುದು ರೂಢಿ.

ಸಾಕುವುದರಲ್ಲಿ ಕಪ್ಪೆಗಳೇನು ಕಡಿಮೆಯಲ್ಲ, ನಮ್ಮ ತಾಲೂಕಿನಲ್ಲೇ ಸಾಕ್ಷಿಯಿದೆ. ಕತ್ತಲೆಕಾನಿನ ರಾಂಪತ್ರೆ ಜಡ್ಡಿಗಳಲ್ಲಿ ಸಿಕ್ಕು, 2014ರಲ್ಲಿ ಗುರುರಾಜ ಮತ್ತು ಸಂಗಡಿಗರಿಂದ ಹೆಸರು ಪಡೆದ ಕುಂಬಾರ ಕಪ್ಪೆಯಲ್ಲಿ ಗಂಡು ಮುಂಗೈಯಿಂದ ಕೆಸರು ಬಾಚಿ ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಅಷ್ಟು ಮಾಡಿದ ಅಪ್ಪನೂ ಮರಿಗೆ ಒಂದು ತುತ್ತು ಬಡಿಸುವುದಿಲ್ಲ.

ಈಗ ಈ ಊಟದ ಯೋಚನೆ ಮತ್ತೆ ಮನೆಗೆ ಬಂದಿರುವುದು ಅಮೆರಿಕದ ದಾರಿಯಿಂದ. ಅಲ್ಲಿರುವ ಅಕ್ಕನ ಮಗಳ ಮನೆಯಲ್ಲಿ, ಅವಳ ಮಗಳ ಹಟಕ್ಕೆ, ಒಂದು ನ್ಯೂಟ್ ಮರಿ ಸೇರಿದೆ. ಹಲ್ಲಿಯ ಆಕಾರ, ಕಪ್ಪೆಯ ಕುಲ. ಕಪ್ಪೆಗೆ ಕರಗುವ ಬಾಲ ಇದಕ್ಕೆ ಕೊನೆತನಕ ಇರುತ್ತದೆ. ಶಿರಸಿಯ ಅರಣ್ಯ ಕಾಲೇಜಿನಲ್ಲಿ ಓದಿದ ಗೆಳೆಯನನ್ನು ಕೇಳಿದೆ: ಸಹ್ಯಾದ್ರಿಯಲ್ಲಿ ಇವು ಇಲ್ಲವೇ ಇಲ್ಲ, ನೋಡಬೇಕಾದರೆ ಡಾರ್ಜಿಲಿಂಗ್ ಕಡೆಯ ಗುಡ್ಡದ ಕೆರೆಗಳಿಗೆ ಹೋಗಬೇಕು, ಅಲ್ಲಿಯೂ ಹಿಡಿದು ತರುವಂತಿಲ್ಲ ಎಂದ. ಅಮೆರಿಕವೂ 2016ರಲ್ಲಿ ಈ ಕುಲದ 201 ಜಾತಿಗಳ ಆಮದಿಗೆ ತಡೆ ಹಾಕಿತು. ಯುರೋಪಿನಲ್ಲಿ ಇವುಗಳ ಚರ್ಮ ತಿಂದು ಕೊಲ್ಲುತ್ತಿದ್ದ ಶಿಲೀಂಧ್ರವೊಂದು ಸಾಕುಪ್ರಾಣಿಗಳ ಪೆಟ್ಟಿಗೆಯಲ್ಲಿ ಕೂತು ಬಂದೀತೆಂಬ ಹೆದರಿಕೆ. ಇವಳ ಮರಿ ಅಲ್ಲಿಯೇ ಹವ್ಯಾಸಿಯೊಬ್ಬರ ಮನೆಯಲ್ಲಿ ಹುಟ್ಟಿದ್ದು. ಕೈಕಾಲು ತುಂಡಾದರೂ ಮತ್ತೆ ಬೆಳೆಸಿಕೊಳ್ಳುವ ಜಾತಿ. ಇಟಲಿಯ ಸ್ಪಲ್ಲಂಜಾನಿ 1768ರಲ್ಲೇ ಅದನ್ನು ಬರೆದಿಟ್ಟಿದ್ದಾನೆ. ನಲ್ಲಿನೀರಿನ ಕ್ಲೋರಿನ್ ತೆಗೆದೇ ಹಾಕಬೇಕು, ಕೋಣೆ ತಂಪಿರಬೇಕು, ಮೈಯನ್ನು ಸುಮ್ಮಸುಮ್ಮನೆ ಮುಟ್ಟಬಾರದು. ಇದೆಲ್ಲ ಅವರಿಗೆ ಸುಲಭ.

ಕಷ್ಟವಿರುವುದು ಊಟದ್ದು. ನ್ಯೂಟ್ ಮರಿಗೆ ಹರಿವೆ ಸೊಪ್ಪಿನ ಕಾಲವೇ ಇಲ್ಲ. ಮೊಟ್ಟೆಯಿಂದ ಬಂದು ಬಾಯಿ ಬಿಟ್ಟ ಗಳಿಗೆಯಿಂದ ಅದಕ್ಕೆ ಅಲುಗಾಡುವ ಜೀವವೇ ಬೇಕು: ಮೊದಲು ನೀರಿನ ಚಿಗಟ, ಆಮೇಲೆ ಹೆಚ್ಚಿದ ಎರೆಹುಳ, ಅದೂ ಸಿಗದಿದ್ದರೆ ಹೆಪ್ಪುಗಟ್ಟಿಸಿದ ಕೆಂಪು ಹುಳ. ಸತ್ತ ಹುಳವನ್ನು ಚಿಮಟದಲ್ಲಿ ಹಿಡಿದು ಅದರ ಮೂಗಿನ ಮುಂದೆ ಜೀವವಿದ್ದಂತೆ ಕುಣಿಸಬೇಕು. ಅಕ್ಕನ ಮಗಳು ಮುಖ ಆ ಕಡೆ ಮಾಡಿ ಕುಣಿಸುತ್ತಾಳೆ. ಫ್ರೀಜರಿನಲ್ಲಿ ಈ ಹುಳಗಳ ಕೆಂಪು ಬಿಲ್ಲೆಗಳ ಪೊಟ್ಟಣ ತೆಂಗಿನತುರಿಯ ಡಬ್ಬಿಗೆ ತಾಗಿಕೊಂಡೇ ಇದೆ. ಯಲ್ಲಾಪುರದಿಂದ ಅವಳ ಅತ್ತೆ ಹೊರಟಿದ್ದಾರೆ; ಬಂದಮೇಲೆ ಅಡುಗೆಮನೆ ಅವರದೇ ಸುಪರ್ದಿಗೆ.

“ಮಾವ, ಅತ್ತೆಗೆ ಹೇಳಡಿ,” ಎಂದಳು. ಕೇಳಿದರೆ ಏನು ಹೇಳುತ್ತೀ ಎಂದೆ. ಕೆಂಪು ಚಟ್ನಿ ಎಂದರೆ ಕರಗಿಸಿ ದೋಸೆಗೆ ಬಡಿಸಿಬಿಡುತ್ತಾರೆ ಎಂಬ ಭಯ ಅವಳಿಗೆ. ಕೊನೆಗೆ ದಾರಿ ಹುಡುಕಿದ್ದು ಮೊಮ್ಮಗಳೇ. ಅಜ್ಜಿಗೆ ಓದಲು ಬರಲಿ ಎಂದು ಪೊಟ್ಟಣದ ಮೇಲೆ ದೊಡ್ಡದಾಗಿ ಕನ್ನಡದಲ್ಲಿ ಬರೆದು ಅಂಟಿಸಿದ್ದಾಳೆ: “ಅವುಸದಿ.”