ಅದು ಉಂಡ್ತಾ?

1850ರಲ್ಲಿ ಅಥೆನ್ಸ್‌ನ ಹುಡುಗರ ಕೈಯಿಂದ ಬಿಡಿಸಿಕೊಂಡ ಗೂಬೆಮರಿಯನ್ನು ಫ್ಲಾರೆನ್ಸ್ ನೈಟಿಂಗೇಲ್ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದರು. ಬಹುಕಾಲ ಮಲಗಿದ ರೋಗಿಗೆ ಸಣ್ಣ ಸಾಕುಪ್ರಾಣಿ ಒಳ್ಳೆಯ ಜೊತೆ, ಸಾಧ್ಯವಾದರೆ ಅದಕ್ಕೆ ರೋಗಿಯೇ ಉಣಿಸಲಿ ಎಂದು ಮುಂದೆ ತಮ್ಮ ಶುಶ್ರೂಷೆಯ ಪುಸ್ತಕದಲ್ಲಿ ಬರೆದರು.

ಆ ಎರಡನೆಯ ಮಾತಿನ ತೂಕ ನನಗೆ ತಿಳಿದದ್ದು ಅವರ್ಸಾದಲ್ಲಿ. ಹಾಸಿಗೆ ಹಿಡಿದ ಅಜ್ಜಿಗೆ ಗಂಜಿ, ಗುಳಿಗೆ, ನೀರು ಎಲ್ಲವನ್ನೂ ನಾವು ಕೊಡುತ್ತಿದ್ದೆವು. ಅವಳಿಂದ ಯಾರಿಗೂ ಏನೂ ಬೇಕಿರಲಿಲ್ಲ. ನೆರೆಮನೆಯ ಹುಡುಗಿ ಸಂಜೆಹೊತ್ತು ತಾನು ಸಾಕಿದ ಕೋಳಿಯನ್ನು ಕಂಕುಳಲ್ಲಿಟ್ಟುಕೊಂಡು ಬರತೊಡಗಿದಳು. ಅಜ್ಜಿ ಮಧ್ಯಾಹ್ನದ ಗಂಜಿಯಲ್ಲಿ ನಾಲ್ಕು ಅಗುಳು ಅದಕ್ಕೆಂದು ಎತ್ತಿಡಲು ಶುರುಮಾಡಿದಳು. ನಡುಗುವ ಅಂಗೈಯಿಂದಲೇ ಅದು ಹೆಕ್ಕುತ್ತಿತ್ತು. ಮಳೆ ಜೋರಾಗಿ ಕೋಳಿ ಬಾರದ ದಿನ ನಮ್ಮನ್ನು ಕರೆದು ಕೇಳುತ್ತಿದ್ದಳು: ‘ಅದು ಉಂಡ್ತಾ?’

ದಿನಕ್ಕೆ ಹತ್ತು ಸಲ ನಾವು ಅವಳನ್ನು ಕೇಳುತ್ತಿದ್ದುದೂ ಅದನ್ನೇ.