ಎರಡನೆಯ ತುಳಿತ

ನಮ್ಮ ಮನೆಯ ಅಂಬಾಸಿಡರ್ ಕಾರಿನ ಬ್ರೇಕನ್ನು ಮೊದಲ ಸಲ ತುಳಿದಾಗ ಪೆಡಲು ಬಹಳ ಕೆಳಗಿಳಿಯುತ್ತಿತ್ತು. ಕಾಲೆತ್ತಿ ಮತ್ತೊಮ್ಮೆ ತುಳಿದರೆ ಗಟ್ಟಿಯಾಗಿ ಹಿಡಿಯುತ್ತಿತ್ತು. ನನ್ನ ಕಾಲಿಗೆ ಇದು ಎಷ್ಟು ರೂಢಿಯಾಗಿತ್ತೆಂದರೆ, ಅದೊಂದು ದೋಷವೆಂಬುದೇ ಮರೆತುಹೋಗಿತ್ತು. 1994ರಲ್ಲಿ ಕಾರನ್ನು ಮಾರಲು ನಿಶ್ಚಯಿಸಿ, ಪರಿಚಯದ ಅಧ್ಯಾಪಕರೊಬ್ಬರಿಂದ ಮುಂಗಡ ಪಡೆದೆ. ‘ಬ್ರೇಕು ಹೇಗಿದೆ?’ ಎಂದು ಕೇಳಿದರು. ‘ಚೆನ್ನಾಗಿದೆ’ ಎಂದೆ. ಸುಳ್ಳಾಡಿದೆನೆಂದು ಆಗ ಅನ್ನಿಸಲಿಲ್ಲ.

ಆ ವಾರವೇ ತಂಗಿಯ ಮಕ್ಕಳನ್ನು ಕೂರಿಸಿಕೊಂಡು ಚಾಮುಂಡಿಬೆಟ್ಟದಿಂದ ಇಳಿಯುತ್ತಿದ್ದೆ. ತಿರುವಿನಲ್ಲಿ ಬಸ್ಸೊಂದು ಎದುರಾಯಿತು. ಮೊದಲ ತುಳಿತ ವ್ಯರ್ಥವಾಯಿತು. ಎರಡನೆಯದೂ ಅರೆಬರೆ ಹಿಡಿಯಿತು. ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಬೆಟ್ಟದ ಬದಿಯ ಮಣ್ಣಿಗೆ ಚಕ್ರ ಹತ್ತಿಸಿ ನಿಲ್ಲಿಸಿದೆ. ಮಕ್ಕಳು ಇದೊಂದು ಆಟವೆಂದು ನಗುತ್ತಿದ್ದರು.

ಲೈನಿಂಗ್ ಸವೆದಿದ್ದರೂ, ಷೂಗಳನ್ನು ಸರಿಯಾಗಿ ಹೊಂದಿಸದಿದ್ದರೂ ಪೆಡಲು ಹೀಗೆಯೇ ಇಳಿಯುವುದುಂಟು. ಅವೆರಡೂ ನೆಟ್ಟಗಿದ್ದುದರಿಂದ ಮೆಕ್ಯಾನಿಕ್ ಮಾಸ್ಟರ್ ಸಿಲಿಂಡರನ್ನೇ ಬಿಚ್ಚಿದರು. ಎಣ್ಣೆ ಕೊಳವೆಗೆ ಹೋಗುವ ಬಾಯಿಯಲ್ಲಿ, ಸ್ಪ್ರಿಂಗಿನ ಒತ್ತಿನಲ್ಲಿ ಕುಳಿತ ಸಣ್ಣ ಚೆಕ್ ವಾಲ್ವ್ ಇತ್ತು. ಅದರ ರಬ್ಬರು ಕಲ್ಲಿನಂತಾಗಿತ್ತು.

ಆ ಕವಾಟದ ಕೆಲಸ ಸೋಜಿಗದ್ದು. ಪೆಡಲು ತುಳಿದಾಗ ಅದು ಎಣ್ಣೆಯನ್ನು ಚಕ್ರಗಳತ್ತ ತಡೆಯಿಲ್ಲದೆ ಬಿಡುತ್ತದೆ. ಕಾಲೆತ್ತಿದಾಗ ಡ್ರಮ್ಮಿನೊಳಗಿನ ಸ್ಪ್ರಿಂಗುಗಳು ಷೂಗಳನ್ನು ಹಿಂದಕ್ಕೆಳೆದು ಎಣ್ಣೆಯನ್ನು ಮರಳಿ ನೂಕುತ್ತವೆ. ಆದರೆ ಕವಾಟವು ಎಲ್ಲವನ್ನೂ ಮರಳಗೊಡದೆ, ಒತ್ತಡ ಕೆಲವೇ ಪೌಂಡುಗಳಿಗೆ ಇಳಿದೊಡನೆ ಮುಚ್ಚಿಕೊಳ್ಳುತ್ತದೆ. ಉಳಿದ ಆ ಅಲ್ಪ ಒತ್ತಡದಿಂದಲೇ ಚಕ್ರದ ಸಿಲಿಂಡರಿನ ರಬ್ಬರ್ ಬಟ್ಟಲುಗಳ ಅಂಚು ಗೋಡೆಗೆ ಅಂಟಿಕೊಂಡಿದ್ದು ಗಾಳಿಯನ್ನು ಒಳಗೆ ಬಿಡುವುದಿಲ್ಲ. ಒತ್ತಡ ಉಳಿಯದಿದ್ದರೆ ಗಾಳಿ ಸೇರುತ್ತದೆ. ಗಾಳಿ ಎಣ್ಣೆಯಂತಲ್ಲ, ಒತ್ತಿದರೆ ಕುಗ್ಗುತ್ತದೆ. ಒತ್ತಡ ಹೆಚ್ಚಾಗಿ ಉಳಿದರೂ ಕೇಡೇ, ಷೂಗಳು ಡ್ರಮ್ಮಿಗೆ ಉಜ್ಜಿ ಕಾಯುತ್ತವೆ. (ಡಿಸ್ಕ್ ಬ್ರೇಕಿನಲ್ಲಿ ಎಳೆಯುವ ಸ್ಪ್ರಿಂಗುಗಳಿಲ್ಲದ ಕಾರಣ ಇಷ್ಟು ಒತ್ತಡವನ್ನು ಉಳಿಸುವಂತಿಲ್ಲ.) ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರಿ, ಬೆಟ್ಟವಿಳಿಯುವಾಗಿನ ಕಾವಿಗೆ ಬೇಗ ಕುದಿಯುವಂತಾಗುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ನಾನು ಎಂದು ಬದಲಿಸಿದ್ದೆನೋ ನೆನಪಿರಲಿಲ್ಲ.

ಹೊಸ ರಬ್ಬರುಗಳು ಬಿದ್ದವು, ಪೆಡಲು ಮೊದಲ ತುಳಿತಕ್ಕೇ ನಿಂತಿತು. ಸುಮ್ಮನಿದ್ದುಬಿಡಬಹುದಿತ್ತು, ಈಗ ‘ಚೆನ್ನಾಗಿದೆ’ ಎಂಬ ಮಾತು ನಿಜವೇ ಆಗಿತ್ತಲ್ಲ! ಆದರೆ ಅವರು ಕೇಳಿದ ದಿನ ಅದು ನಿಜವಾಗಿರಲಿಲ್ಲ. ಸಂಜೆ ಸರಸ್ವತೀಪುರದ ಅವರ ಮನೆಗೆ ಹೋಗಿ ನಡೆದುದನ್ನೆಲ್ಲ ಹೇಳಿದೆ.

‘ಎಷ್ಟು ದಿನದಿಂದ ಹೀಗಿತ್ತು, ಸ್ವಾಮಿ?’ ಎಂದರು.

‘ಒಂದು ವರ್ಷದಿಂದ.’

ಒಳಗಿನಿಂದ ಅವರ ಮಗಳು ಪಾಠ ಒಪ್ಪಿಸುವ ದನಿ ಕೇಳುತ್ತಿತ್ತು. ಅವರು ಸ್ವಲ್ಪ ಹೊತ್ತು ಅತ್ತ ಕಿವಿಗೊಟ್ಟಿದ್ದು, ಮುಂಗಡವನ್ನು ಮರಳಿ ಕೇಳಿದರು. ಕೊಟ್ಟೆ. ಎಣಿಸಿ ತೆಗೆದುಕೊಂಡ ಮೇಲೆ, ಕಾಫಿ ಕುಡಿದು ಹೋಗಿರೆಂದರು.